ಮಣ್ಣಿಲ್ಲದ ಮನೆ

೧೭ ಫೆಬ್ರುವರಿ ೨೦೦೮, ರವಿವಾರ

ಮಸೂತಿಯಿಂದ ಈಗ ಬಂದೆ. ಬಸ್ಸು ಬದಲಿಸಲು ಹೂವಿನ ಹಿಪ್ಪರಗಿಯಲ್ಲಿ ಇಳಿದವಳು ಒಂದೂವರೆ ತಾಸು ನಿಂತೆ. ಕಾಲು ಬಾತಿವೆ, ತಲೆ ಸಿಡಿಯುತ್ತಿದೆ, ಸಿಟ್ಟು ಮಾತ್ರ ತಾಜಾ ಇದೆ. ಯಾರ ಮುಂದೂ ಆಡಲಾಗದ್ದನ್ನು ಎಲ್ಲಾದರೂ ಆಡಬೇಕಲ್ಲ, ಅದಕ್ಕೇ ಈ ವಹಿ ತೆಗೆದೆ.

ಇವರು ನವೆಂಬರಿನಲ್ಲಿ ಮುದ್ದೇಬಿಹಾಳದಿಂದ ಬರುವಾಗ ಮೋಟಾರ್‌ಸೈಕಲ್ಲಿನಿಂದ ಬಿದ್ದು ತೊಡೆ, ಸೊಂಟ ಎರಡೂ ಮುರಿದುಕೊಂಡರು. ರಾಡು ಹಾಕಿದರು. "ಮೆಟ್ಟಲಾ ಹತ್ತೂ ಮಾತು ಒಂದ ವರ್ಷ ತೆಗೀಬ್ಯಾಡ್ರಿ, ಆಮ್ಯಾಲೂ ನಾ ಖಾತ್ರಿ ಕೊಡಂಗಿಲ್ಲ" ಎಂದರು ಡಾಕ್ಟರು. ನಮ್ಮ ಮನೆ ಇರುವುದು ಸಿಂದಗಿಯ ಈ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ನಲವತ್ತೆರಡು ಮೆಟ್ಟಿಲು. ಲಿಫ್ಟಿಗೆಂದು ಜಾಗ ಬಿಟ್ಟಿದ್ದಾರೆ, ಲಿಫ್ಟು ಹಾಕಿಲ್ಲ; ಎಲ್ಲರೂ ಅಲ್ಲಿ ಹಳೆಯ ಸೈಕಲ್ಲು ತುಂಬಿದ್ದಾರೆ. ಹೀಗಾಗಿ ಮೂರು ತಿಂಗಳಿನಿಂದ ನಾನು ಹೈಸ್ಕೂಲಿನ ಕೆಲಸಕ್ಕೆಂದು ಇಲ್ಲಿ, ಅವರು ಮಸೂತಿಯಲ್ಲಿ ನನ್ನ ಅಪ್ಪನ ಮನೆಯ ಪಡಸಾಲೆಯಲ್ಲಿ.

ಇವತ್ತು ಓಣಿಯವರು ಇವರ ಎದುರಿಗೇ "ಏನ್ ಸರ್ವೇದವರ, ಮನಿ ಅಳಿಯಾ ಆಗಿಬಿಟ್ರಿ?" ಎಂದು ನಕ್ಕರು. ಇವರೂ ನಕ್ಕರು. ನನ್ನ ಮೈ ಉರಿಯಿತು. ತಹಶೀಲ್ದಾರ ಕಚೇರಿಯ ಭೂಮಾಪಕ, ತಾಲ್ಲೂಕಿನ ಹೊಲಗಳನ್ನೆಲ್ಲ ಸರಪಳಿ ಹಿಡಿದು ತುಳಿದ ಮನುಷ್ಯ, ಈಗ ಬಚ್ಚಲಿಗೆ ಹೋಗಬೇಕೆಂದರೂ ಮಾವನನ್ನು ಕೂಗಬೇಕು.

ಅದೂ ಎಂಥ ಮಾವ! ಶ್ರೀಶೈಲಪ್ಪ ಎಂದರೆ ಬಾಗೇವಾಡಿ, ಇಂಡಿ, ಮುದ್ದೇಬಿಹಾಳದ ದನದ ಸಂತೆಗಳಲ್ಲೆಲ್ಲ ಹೆಸರಾದ ದಲಾಲಿ. ನಲವತ್ತು ವರ್ಷ ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಟವೆಲಿನ ಕೆಳಗೆ ಕೂಡಿಸಿ, ಬೆರಳು ಹಿಡಿದೇ ಗುಟ್ಟಾಗಿ ಬೆಲೆ ಆಡಿಸಿ ಎತ್ತು ಮಾರಿಸಿದ್ದಾನೆ. ಸಾಲೆಯಲ್ಲಿ ನನ್ನನ್ನು "ದಲಾಲಿ ಮಗಳ, ಹಲ್ಲ ತೋರಸ, ನಿನ್ನ ವಯಸ್ಸು ಹೇಳ್ತೇವಿ" ಎಂದು ಕಾಡುತ್ತಿದ್ದರು. ಅಂದಿನಿಂದ ಯಾವ ಅರ್ಜಿಯಲ್ಲೂ ತಂದೆಯ ಉದ್ಯೋಗ ಎಂಬಲ್ಲಿ ಒಕ್ಕಲುತನ ಎಂದೇ ಬರೆದಿದ್ದೇನೆ.

ಮನೆ ಮಾರುತ್ತೇನೆ ಎಂದೆ. "ನನಗ ಬಿಡು, ಗಿರಾಕಿ ತರ್ತೇನಿ" ಎಂದ ಅಪ್ಪ. ದಲಾಲಿ ಬೇಡ, ಇಂಟರ್ನೆಟ್ಟಿನಲ್ಲಿ ಹಾಕಿ ನಾನೇ ಮಾರುತ್ತೇನೆ ಎಂದೆ.

"ಅದು ಯಾವ ಸಂತಿ?"

"ಇಡೀ ದೇಶದ ಸಂತಿ."

"ಹಂಗಾದ್ರ ಕಳ್ಳರೂ ದೇಶದ್ದಷ್ಟ ಇರ್ತಾರ" ಎಂದು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ಕುಂತ. ಇವರು ಮಾತ್ರ "ನಿನಗ ತಿಳದಂಗ ಮಾಡು ಶೈಲಾ" ಎಂದು ಗೋಡೆಯ ಕಡೆ ಹೊರಳಿದರು. ಈ ಮನೆ ಎಂದರೆ ಅವರಿಗೆ ಜೀವ.

ಬಜಾರದ ಹಿಂದಿನ ಓಣಿಯಲ್ಲಿ ರುಕ್ಮವ್ವ ಎಂಬ ಅಜ್ಜಿಯ ಮನೆ ಇದೆ. ಬೀದಿಗೂ ಮನೆಗೂ ನಡುವೆ ಒಂದು ಮೆಟ್ಟಿಲೂ ಇಲ್ಲ, ಕಕ್ಕಸು ಒಳಗೇ ಇದೆ. ಅದನ್ನು ಮಾರಿ ಮಗಳ ಊರಿಗೆ ಹೋಗುವವಳು, ಮೇ ತಿಂಗಳ ಕಡೆಯ ದಿನದವರೆಗೆ ನನಗಾಗಿ ಕಾಯುತ್ತೇನೆ ಎಂದಿದ್ದಾಳೆ. ಬಾಡಿಗೆಗೆ ಹನ್ನೆರಡು ಮನೆ ನೋಡಿ ಸೋತಿದ್ದೇನೆ. ಎಲ್ಲಕ್ಕೂ ಎದೆಯೆತ್ತರದ ಕಟ್ಟೆ, ಕಕ್ಕಸು ಹಿತ್ತಿಲಲ್ಲಿ. ಕುರ್ಚಿಯಂಥ ಕಮೋಡು ಹಾಕಿಸಿಕೊಳ್ಳುತ್ತೇವೆ ಎಂದರೆ ಮಾಲೀಕರು ನಗುತ್ತಾರೆ. ಆದ್ದರಿಂದ ವಿಷಯ ಇಷ್ಟೇ. ಈ ಮನೆ ಹೋದರೆ ಆ ಮನೆ ಬರುತ್ತದೆ, ಆ ಮನೆ ಬಂದರೆ ಇವರು ಬರುತ್ತಾರೆ. ಯಾರ ಹಂಗೂ ಇಲ್ಲದೆ ಮಾಡಿ ತೋರಿಸುತ್ತೇನೆ.

೨೦ ಫೆಬ್ರುವರಿ, ಬುಧವಾರ

ಇಸಾಕನ ಸೈಬರ್ ಕೆಫೆಗೆ ಹೋಗಿದ್ದೆ. ನಲವತ್ತರ ಮೇಲಿನ ಮನುಷ್ಯ, ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಎರಡು ಸಲ ಕರೆಂಟು ಹೋಗಿ, ಬರೆದದ್ದೆಲ್ಲ ಎರಡು ಸಲ ಹಾರಿತು. ಬೇರೆಯವರ ಜಾಹೀರಾತು ನೋಡಿ ನಾನೂ ಬರೆದೆ. ಪ್ರಶಾಂತ ವಾತಾವರಣ, ಆಧುನಿಕ ಸೌಲಭ್ಯ, ಬಸ್ ನಿಲ್ದಾಣಕ್ಕೆ ಹತ್ತಿರ. ಪ್ರಶಾಂತವಂತೆ! ನಮ್ಮ ಬುಡಕ್ಕೇ ಇಬ್ರಾಹಿಂಸಾಬರ ಹಿಟ್ಟಿನ ಗಿರಣಿ ಇದೆ. ಎಲ್ಲರೂ ಹಾಗೇ ಬರೆದಿದ್ದರು.

ಇಸಾಕ ತನ್ನ ಕ್ಯಾಮರಾ ತಂದು ಫೋಟೋ ತೆಗೆದ. ಮಲಗುವ ಕೋಣೆಯ ಗೋಡೆಯಲ್ಲಿ ನೀರು ಕುಡಿದ ಕಲೆ ಇದೆ. ಅದಕ್ಕೆ ಕ್ಯಾಲೆಂಡರು ನೇತುಹಾಕಿದೆ.

೨೮ ಫೆಬ್ರುವರಿ, ಗುರುವಾರ

ಎಂಟು ದಿನದಲ್ಲಿ ಹನ್ನೊಂದು ಫೋನು. ಒಂಬತ್ತು ದಲಾಲಿಗಳು! "ನಾವ ತೊಗೋಳಾವ್ರು" ಎಂದು ಶುರು ಮಾಡುತ್ತಾರೆ, ಕಡೆಗೆ ಎರಡು ಪರ್ಸೆಂಟಿಗೆ ಬರುತ್ತಾರೆ. ಬಾಯಿಗೆ ಬಂದಂತೆ ಬೈದು ಇಟ್ಟೆ.

ಇಂದು ಒಬ್ಬ ನಿಜವಾದ ಗಿರಾಕಿ ಬಂದ. ಲಚ್ಯಾಣದ ಚಂದ್ರಾಮ ಎಂಬ ರೈತ, ಹೆಂಡತಿಯ ಜೊತೆ. ಅವನ ಅಳಿಯ ಪುಣೆಯಲ್ಲಿ ಕೂತು ಜಾಹೀರಾತು ನೋಡಿ ಹೇಳಿದ್ದನಂತೆ. ಒಳಗೆ ಬಂದವನೇ ನೆಲವನ್ನು ಹಿಮ್ಮಡಿಯಿಂದ ಗುದ್ದಿ ನೋಡಿದ.

"ಇದರ ತಳಗ ಏನೈತ್ರಿ?"

"ಇನ್ನೊಬ್ಬರ ಮನಿ."

"ಮ್ಯಾಲ?"

"ಅಲ್ಲೂ ಒಬ್ಬರು ಅದಾರ್ರಿ."

"ಅಂದ್ರ ನಾ ಒಬ್ಬರ ತೆಲಿ ಮ್ಯಾಲ ಮಕ್ಕೋಬೇಕು, ನನ್ನ ತೆಲಿ ಮ್ಯಾಲ ಮತ್ತೊಬ್ರು. ಮಣ್ಣ ಎಲ್ಲೈತ್ರಿ ಅಕ್ಕೋರ? ರೊಕ್ಕಾ ಕೊಟ್ಟು ಗಾಳಿ ತೊಗೊಳ್ಳೇನು?"

ಹೆಂಡತಿ ಅವನ ಅಂಗಿ ಜಗ್ಗಿದಳು. ಬಂದವರಿಗೆ ಚಹಾ ಮಾಡಿ ಕೊಟ್ಟೆ, ಮತ್ತೇನು ಮಾಡಲಿ? ಈ ಊರಿಗೆ ಇದೇ ಮೊದಲ ಅಪಾರ್ಟ್‌ಮೆಂಟು. ಎಲ್ಲರೂ ಕೇಳುವುದು ಇದನ್ನೇ. ಎಮ್ಮೆ ಕಟ್ಟಲು ಜಾಗವಿಲ್ಲದ ಮನೆ ಅದೆಂಥ ಮನೆ? ಇವರು ಕೊಂಡದ್ದೇ ಆ ಕಾರಣಕ್ಕೆ. ಇಪ್ಪತ್ತು ವರ್ಷ ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೊಡಲಿ ಎತ್ತಿದ್ದನ್ನು ನೋಡಿ ನೋಡಿ, ಮಣ್ಣಿನ ಸಹವಾಸವೇ ಬೇಡ ಎಂದಿದ್ದರು. ಆಗ ನಾನೂ ನಕ್ಕಿದ್ದೆ.

ಕೆಳಗಿಳಿದರೆ ಇಬ್ರಾಹಿಂಸಾಬರು ಗಿರಣಿಯಿಂದ ಹೊರಗೆ ಬಂದು, "ಅಕ್ಕೋರ, ಗಿರಾಕಿ ಬರೂದಿದ್ರ ಮೊದಲ ಹೇಳ್ರಿ. ಅರ್ಧಾ ತಾಸು ಗಿರಣಿ ಬಂದ್ ಇಡ್ತೇನಿ" ಎಂದರು. ಎದುರಿಗೆ ಹೆಂಗಸರು ಜೋಳದ ಡಬ್ಬಿ ಹಿಡಿದು ಸಾಲುಗಟ್ಟಿ ನಿಂತಿದ್ದರು. ನಾನು ಕೇಳಿರಲಿಲ್ಲ. ಕೇಳದೆ ಬಂದ ಉಪಕಾರಕ್ಕೆ ತಲೆಯಾಡಿಸಿ ಬಂದೆ.

೯ ಮಾರ್ಚ್, ರವಿವಾರ

ಮಸೂತಿ. ಹೊತ್ತಿಗೆ ಮುಂಚೆ ಹೋದದ್ದರಿಂದ ನೋಡಬಾರದ್ದನ್ನು ನೋಡಿದೆ ಎನ್ನಲೇ, ನೋಡಬೇಕಾದದ್ದನ್ನೇ ನೋಡಿದೆ. ಬಚ್ಚಲಲ್ಲಿ ಇವರು ಸ್ಟೂಲಿನ ಮೇಲೆ ಕೂತಿದ್ದಾರೆ, ಅಪ್ಪ ಧೋತರ ಮೇಲೆ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು ಅಳಿಯನ ಪಾದ ತೊಳೆಯುತ್ತಿದ್ದಾನೆ. ಎಪ್ಪತ್ತೆರಡು ವರ್ಷದ ಮನುಷ್ಯ. ಮದುವೆಯಲ್ಲಿ ಶಾಸ್ತ್ರಕ್ಕೆ ತೊಳೆದಿದ್ದ, ಈಗ ದಿನಾ ತೊಳೆಯುತ್ತಾನೆ. ನಾನು ಬಾಗಿಲ ಮರೆಗೆ ಸರಿದು ನಿಂತೆ.

ತಮ್ಮನ ಹೆಂಡತಿ ಹೇಳಿದಳು. ಹಾಸಿಗೆಗೆ ಚಹಾ ಕೊಡುವುದನ್ನು ಅಪ್ಪ ನಿಲ್ಲಿಸಿಬಿಟ್ಟಿದ್ದಾನಂತೆ. ಕೊಟ್ಟಿಗೆಯ ಉದ್ದಕ್ಕೂ ಸೊಂಟದ ಎತ್ತರಕ್ಕೆ ಬಿದಿರು ಕಟ್ಟಿಸಿ, ಚಹಾದ ಲೋಟವನ್ನು ಆ ತುದಿಗೆ ಇಡುತ್ತಾನೆ. ಬೇಕಿದ್ದರೆ ಹಿಡಿದುಕೊಂಡು ಬಂದು ಕುಡಿಯಬೇಕು. ಕೇಳಿದ್ದಕ್ಕೆ, "ಕುಂತ ಎತ್ತಿಗೆ ಬಾರಕೋಲ ತೋರಸಬಾರದವಾ, ಮುಂದ ಮೇವ ತೋರಸಬೇಕು" ಎಂದ. ನನ್ನ ಗಂಡನನ್ನು ಎತ್ತು ಮಾಡಿದನಲ್ಲ ಎಂದು ರೇಗಬೇಕೆಂದುಕೊಂಡೆ. ಇವರು ಆರಿದ ಚಹಾ ಕುಡಿಯುತ್ತ ಕೊಟ್ಟಿಗೆಯ ಆ ತುದಿಯಲ್ಲಿ ನಿಂತಿದ್ದರು. ನಿಂತಿದ್ದರು!

ಮಧ್ಯಾಹ್ನ ಜಾಹೀರಾತಿನ ಪ್ರಿಂಟು ಓದಿಸಿಕೊಂಡ ಅಪ್ಪ, "ಎಲ್ಲಾ ಖರೆ, ಇದರಾಗ ಐಬು ಎಲ್ಲೈತಿ?" ಎಂದ.

"ಐಬು ಯಾರಾರ ಬರೀತಾರೇನಪ್ಪಾ?"

"ಎತ್ತಿನ ಗುಣಾ ಮೊದಲ ಹೇಳಿದ್ರ ಗಿರಾಕಿ ಐಬು ಹುಡಕತಾನ. ಐಬು ಮೊದಲ ಹೇಳಿಬಿಟ್ರ, ಗುಣಾ ತಾನ ಹುಡಕತಾನ. ನಲವತ್ತ ವರ್ಷ ನಾ ಮಾಡಿದ್ದು ಇಷ್ಟ."

ನಾನು ವಾದ ಮಾಡಿದೆ. ಬಸ್ಸಿನಲ್ಲಿ ಬರುವಾಗಲೂ ಮನಸ್ಸಿನಲ್ಲಿ ವಾದ ಮಾಡುತ್ತಲೇ ಬಂದೆ, ಸಿಂದಗಿ ಬರುವ ಹೊತ್ತಿಗೆ ನನ್ನ ಕಡೆಯ ವಾದ ಮುಗಿದಿತ್ತು.

೧೨ ಮಾರ್ಚ್, ಬುಧವಾರ

ಹೊಸ ಜಾಹೀರಾತು ಹಾಕಿದೆ. ಹಾಳಾಗಿ ಹೋಗಲಿ, ಹೇಗೂ ಯಾರೂ ಬರುತ್ತಿಲ್ಲ. ಕನ್ನಡದಲ್ಲಿ ಬರೆದುಕೊಂಡು ಹೋದದ್ದನ್ನು ಇಸಾಕ ಇಂಗ್ಲಿಷ್ ಮಾಡಿದ. ಮನೆಯ ಸುತ್ತ ಜಾಗವಿಲ್ಲ, ಅಂಗಳವಿಲ್ಲ, ಹಿತ್ತಿಲಿಲ್ಲ, ಗಿಡ ನೆಡಲು ಹಿಡಿ ಮಣ್ಣಿಲ್ಲ. ಮೇಲೂ ಕೆಳಗೂ ಬೇರೆಯವರಿದ್ದಾರೆ. ನಲವತ್ತೆರಡು ಮೆಟ್ಟಿಲು, ಲಿಫ್ಟಿಲ್ಲ. ಬುಡಕ್ಕೆ ಹಿಟ್ಟಿನ ಗಿರಣಿ, ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ. ಮಲಗುವ ಕೋಣೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ನನ್ನ ಗಂಡನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಅದಕ್ಕೇ ಮಾರುತ್ತಿದ್ದೇನೆ.

"ಅಕ್ಕೋರ, ಇದು ಜಾಹೀರಾತೇನ್ರಿ, ತಕರಾರು ಅರ್ಜಿಯೇನ್ರಿ?" ಎಂದ ಇಸಾಕ. ಆದರೂ ಕ್ಯಾಲೆಂಡರು ತೆಗೆದು ಕಲೆಯ ಫೋಟೋ ತೆಗೆಯಲು ತಾನೇ ನಮ್ಮ ಮನೆಗೆ ಎರಡನೆಯ ಸಲ ಬಂದ. ಎರಡು ತಾಸಿನ ದುಡ್ಡು ಕೊಡಹೋದರೆ, "ಮಾರಿದ ಮ್ಯಾಲ ಪೇಢೆ ಕೊಡ್ರಿ ಸಾಕು" ಎಂದ.

೨೦ ಮಾರ್ಚ್, ಗುರುವಾರ

ಒಂದೂ ಫೋನಿಲ್ಲ. ದಲಾಲಿಗಳು ಕೂಡ ಮಾಡುತ್ತಿಲ್ಲ.

೨೬ ಮಾರ್ಚ್, ಬುಧವಾರ

ಪರೀಕ್ಷೆಯ ಗದ್ದಲದಿಂದ ಬಂದು ರೊಟ್ಟಿ ಬಡಿಯಲು ಕೂತಿದ್ದೆ, ಫೋನು ಬಂತು. ಹೆಂಗಸಿನ ದನಿ. ನಮಸ್ಕಾರ, ಗಿಮಸ್ಕಾರ ಇಲ್ಲ.

"ಖರೇನ ಜಾಗಾ ಇಲ್ಲೇನ್ರಿ?"

"ಇಲ್ರಿ. ತುಳಸಿ ಹಚ್ಚಾಕೂ ಮಣ್ಣಿಲ್ಲ." ಜಾಹೀರಾತು ಓದಿ ನಗಲೆಂದೇ ಫೋನು ಮಾಡಿದ್ದಾಳೆ ಎಂದುಕೊಂಡು ಬಿರುಸಾಗಿಯೇ ಹೇಳಿದೆ.

"ಹಂಗಾದ್ರ ಬದು, ಗಟಾರ, ಹಿತ್ತಲಾ ನಮ್ಮದು ಅಂತ ಯಾರೂ ಬರಂಗಿಲ್ಲ?"

"ಇಲ್ಲದ್ದನ್ನ ಏನಂತ ಕೇಳಾಕ ಬರ್ತಾರ್ರಿ?"

"ಪಾಲು ಮಾಡಾಕ ಆಗಂಗಿಲ್ಲ?"

"ಎರಡನೇ ಮಜಲಿ ಹೆಂಗ ಪಾಲ ಮಾಡ್ತಾರ್ರಿ?"

ಆಮೇಲೆ ಹೇಳಿದಳು. ಹೆಸರು ಸಿದ್ದವ್ವ. ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿ ಮೂವತ್ತನಾಲ್ಕು ವರ್ಷ ನರ್ಸು, ಜನವರಿಯಲ್ಲಿ ನಿವೃತ್ತಿಯಾಗಿದ್ದಾಳೆ. ಮದುವೆಯಾಗಲಿಲ್ಲ. ತಮ್ಮಂದಿರ ಮನೆಯ ಹಿಂದೆ ತನ್ನ ದುಡಿಮೆಯಿಂದ ಎರಡು ಕೋಣೆ ಕಟ್ಟಿಸಿಕೊಂಡಿದ್ದಳು. ಈಗ ತಮ್ಮಂದಿರು, ಗೋಡೆ ನಿನ್ನದಿರಬಹುದು, ಬುಡದ ಮಣ್ಣು ನಮ್ಮದು ಎನ್ನುತ್ತಾರಂತೆ. ತಮ್ಮನ ಮಗಳು ಕಾಲೇಜಿನ ಕಂಪ್ಯೂಟರಿನಲ್ಲಿ ನನ್ನ ಜಾಹೀರಾತು ಓದಿ, "ಅತ್ತೀ, ಮಣ್ಣ ಇಲ್ಲದ ಮನಿ ಐತೆಂತ!" ಎಂದಳಂತೆ.

ರೊಟ್ಟಿ ಹೆಂಚಿನ ಮೇಲೆ ಸುಟ್ಟು ಕರಕಲಾಯಿತು. ಆ ಕರಕಲನ್ನೇ ಮೊಸರು ಹಚ್ಚಿಕೊಂಡು ತಿಂದೆ.

೧೩ ಏಪ್ರಿಲ್, ರವಿವಾರ

ಅಪ್ಪ ಬೆಳಗಿನ ಬಸ್ಸಿಗೇ ಬಂದಿದ್ದ. ನಾನು ಕರೆದಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಇಬ್ರಾಹಿಂಸಾಬರು ಗಿರಣಿಯ ಪಟ್ಟಾ ತೆಗೆಯಲು ಹೊರಟಿದ್ದರು, ನಾನೇ ಬೇಡ ಎಂದೆ. "ನಡಸ್ರಿ, ಜೋರ ನಡಸ್ರಿ. ಕೇಳ್ಲಿ ಅವರು."

ಸಿದ್ದವ್ವ ಸಣಕಲು ಹೆಂಗಸು, ಕೈಯಲ್ಲಿ ಕೊಡೆ. ನಲವತ್ತೆರಡು ಮೆಟ್ಟಿಲನ್ನು ಎಣಿಸಿಕೊಂಡೇ ಹತ್ತಿ ಬಂದಳು. ಎಲ್ಲ ನಲ್ಲಿ ತಿರುವಿದಳು, ಗೋಡೆಯ ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು. "ಐಬೆಲ್ಲಾ ನೀವ ಹೇಳಿಬಿಟ್ಟೀರಿ, ನನಗ ಹುಡುಕೂ ಕೆಲಸಾನ ಉಳಿಲಿಲ್ಲ" ಎಂದು ಅಡುಗೆಮನೆಯ ಕಿಟಕಿ ತೆಗೆದಳು. ಗಾಳಿಗೆ ಸೆರಗು ಹಾರಿತು. "ಅಯ್ಯ! ಏನ್ ಚಂದ ಗಾಳಿ ಬರ್ತೈತ್ರಿ ಇಲ್ಲಿ! ಇದ್ಯಾಕ ಬರೀಲಿಲ್ಲ ನೀವು?" ಅಪ್ಪ ನನ್ನ ಕಡೆ ನೋಡದೆ ಮೀಸೆ ಸವರಿಕೊಂಡ.

ಮುಂಬಾಗಿಲಿಗೆ ಬಂದು ಕದ ಹಾಕಿ ತೆಗೆದು ಮಾಡುತ್ತ ನಿಂತಳು. ಮೂರು ಸಲ, ನಾಲ್ಕು ಸಲ. "ಇದಕ್ಕ ಒಂದ ಕೀಲಿ. ಅದು ನನ್ನ ಹಂತ್ಯಾಕ. ಹೌದಲ್ರಿ?" ಎಂದಳು. ಹೌದ್ರಿ ಎಂದೆ. ನನಗೆ ಈ ಮನೆಯ ಮೇಲೆ ಒಮ್ಮೆಲೇ ಅಭಿಮಾನ ಬಂತು.

ಬೆಲೆಯ ಮಾತಿಗೆ ಅಪ್ಪ ಹೆಗಲಿನ ಟವೆಲು ತೆಗೆದ. ತೆಗೆದವನು ತಡೆದ. ಸಿದ್ದವ್ವ ಹೆಣ್ಣುಮಗಳು, ಅವಳ ಕೈ ಹಿಡಿಯುವುದು ಹೇಗೆ? ಟವೆಲು ನನ್ನ ಕೈಗೆ ಕೊಟ್ಟು, "ನಿನ್ನ ಮನಿ, ನಿನ್ನ ಕೈ" ಎಂದು ಗೋಡೆಯ ಕಡೆ ಮುಖ ಮಾಡಿ ಕೂತ.

"ಬಾಯಿಲೆ ಮಾತಾಡಿದ್ರಾಗಂಗಿಲ್ಲೇನ್ರಿ?" ಎಂದೆ ನಾನು.

"ಬಾಯಿಲೆ ಹೇಳಿದ್ದು ಹತ್ತ ಮಂದಿ ಕಿವಿಗೆ ಹೊಕ್ಕೈತ್ರಿ, ನನ್ನ ತಮ್ಮಂದಿರ ಕಿವಿಗೂ" ಎಂದು ಸಿದ್ದವ್ವ ತಾನೇ ಮುಂದೆ ಬಂದು ಕೈ ಒಳಗೆ ಹಾಕಿದಳು. ಹೆರಿಗೆಗೆ ಹೋದ ಹಳ್ಳಿಗಳಲ್ಲಿ ಎತ್ತಿನ ವ್ಯಾಪಾರ ನೋಡಿ ಕಲಿತದ್ದಂತೆ. ಔಷಧದ ನೀರಲ್ಲಿ ತೊಳೆದು ತೊಳೆದು ಒರಟಾದ ಕೈ. ಮೂರು ಬೆರಳು ಹಿಡಿದಳು. ನಾನು ಕೊಡವಿ ಮುಷ್ಟಿ ಹಿಡಿದೆ. ಅವಳು ನಕ್ಕಳು. ಇದನ್ನು ನಾನು ಏಳು ವರ್ಷದವಳಿದ್ದಾಗ ಅಪ್ಪ ಆಟವೆಂದು ಕಲಿಸಿದ್ದ, ಮರೆತಿದ್ದೇನೆ ಎಂದುಕೊಂಡಿದ್ದೆ. ಬೆರಳುಗಳು ಮರೆತಿರಲಿಲ್ಲ. ನಾಲ್ಕು ಸಲ ಆ ಕಡೆ ಈ ಕಡೆ ಆಗಿ, ಐದನೆಯ ಸಲ ಇಬ್ಬರ ಅಂಗೈಗಳೂ ಕೂಡಿದವು. ಬೆಲೆ ಎಷ್ಟೆಂದು ಈ ವಹಿಯಲ್ಲೂ ಬರೆಯುವುದಿಲ್ಲ. ಟವೆಲಿನೊಳಗಿನದು ಟವೆಲಿನೊಳಗೇ ಇರಬೇಕು. ರುಕ್ಮವ್ವನ ಮನೆಗೆ ಸಾಕಾಗುತ್ತದೆ, ಅಷ್ಟೇ ಬರೆಯುತ್ತೇನೆ.

"ಮುಗೀತೇನು?" ಎಂದ ಅಪ್ಪ ಗೋಡೆಗೇ.

"ಮುಗೀತಪ್ಪಾ."

ಸಿದ್ದವ್ವನ ನಿವೃತ್ತಿಯ ದುಡ್ಡು ಮೇ ಎರಡನೆಯ ವಾರಕ್ಕೆ ಬರುತ್ತದಂತೆ. ಕಾಗದಪತ್ರ ಆಗ.

೨ ಮೇ, ಶುಕ್ರವಾರ

ಸೊಲ್ಲಾಪುರದಿಂದ ಒಬ್ಬ ಫೋನು ಮಾಡಿದ್ದ. ಜಾಹೀರಾತು ನೋಡಿದ್ದಾನೆ. ಒಂದು ಲಕ್ಷ ಹೆಚ್ಚು ಕೊಡುತ್ತಾನಂತೆ, ಅದೂ ಎಂಟು ದಿನದಲ್ಲಿ. ಬೇರೆಯವರಿಗೆ ಟವೆಲಿನಡಿ ಕೈ ಕೊಟ್ಟು ಮಾತು ಮುಗಿಸಿದ್ದೇನೆ ಎಂದೆ.

"ಕರಾರುಪತ್ರ ಆಗೇತೇನ್ರಿ?"

"ಇಲ್ರಿ."

"ಮುಂಗಡ?"

"ಇಲ್ರಿ."

"ಮತ್ತೇನ ಆಗೇತ್ರಿ ಮೇಡಂ?" ಎಂದು ನಕ್ಕ. ನಂಬರು ಇಟ್ಟುಕೊಳ್ಳಿ, ಮೇ ತಿಂಗಳೆಲ್ಲ ಕಾಯುತ್ತೇನೆ ಎಂದ. ಇಟ್ಟುಕೊಂಡೆ. ಸುಳ್ಳೇಕೆ ಬರೆಯಲಿ, ಎರಡು ಸಲ ಕಾಗದ ತೆಗೆದು ನಂಬರು ಸರಿಯಾಗಿ ಬರೆದುಕೊಂಡಿದ್ದೇನೆಯೇ ಎಂದೂ ನೋಡಿದೆ. ಸಂಜೆ ಇಸಾಕನಲ್ಲಿಗೆ ಹೋಗಿ ಜಾಹೀರಾತು ತೆಗೆಸಿಬಿಟ್ಟೆ, ಇಲ್ಲವಾದರೆ ಇಂಥವರು ಇನ್ನೂ ಬರುತ್ತಾರೆ.

೨೩ ಮೇ, ಶುಕ್ರವಾರ

ಚುನಾವಣೆಯ ಡ್ಯೂಟಿ ಮುಗಿಸಿ ಬಂದು ಹೆಣದಂತೆ ಬಿದ್ದಿದ್ದೆ. ಸಿದ್ದವ್ವ ಫೋನು ಮಾಡಿದಳು. ದುಡ್ಡು ಬಂದಿಲ್ಲ. ಕಾಗದ ನೋಡುವವರೆಲ್ಲ ಚುನಾವಣೆಗೆ ಹೋಗಿದ್ದರಂತೆ. ಜೂನ್ ಮೊದಲ ವಾರ ಎನ್ನುತ್ತಾರೆ. "ನಿಮಗ ತ್ರಾಸ ಆಗೂದಿದ್ರ ಬ್ಯಾರೆಯವರಿಗೆ ಕೊಟ್ಟಬಿಡ್ರಿ. ನಾ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ" ಎಂದಳು.

ಎಂಟು ದಿನದಲ್ಲಿ ರುಕ್ಮವ್ವನ ಗಡುವು ಮುಗಿಯುತ್ತದೆ. ಸೊಲ್ಲಾಪುರದವನ ನಂಬರು ಒತ್ತಿದೆ. ಒಂದು ಸಲ ರಿಂಗಾಯಿತು, ಕಟ್ ಮಾಡಿದೆ. ಕದ ಹಾಕಿ ತೆಗೆದು ಮಾಡುತ್ತಿದ್ದ ಆ ಹೆಂಗಸು ಕಣ್ಣ ಮುಂದೆ ಬಂದಳು. ಅವಳು ನನಗೇನಾಗಬೇಕು? ಇವರು ಆರು ತಿಂಗಳಿನಿಂದ ಬೇರೆಯವರ ಪಡಸಾಲೆಯಲ್ಲಿದ್ದಾರೆ. ನಾನು ಹುಚ್ಚಿಯೇ? ನಿದ್ದೆ ಬರುತ್ತಿಲ್ಲ.

೨೭ ಮೇ, ಮಂಗಳವಾರ

ರುಕ್ಮವ್ವನ ಮನೆಗೆ ಹೋದೆ. ಹುಟ್ಟಿದಾರಭ್ಯ ಯಾರ ಮುಂದೂ ಕೈಚಾಚಿದವಳಲ್ಲ, ಮಾತು ಹೇಗೆ ತೆಗೆಯಬೇಕೋ ತಿಳಿಯಲಿಲ್ಲ. ಬಾಗಿಲಲ್ಲೇ ಇನ್ನೊಬ್ಬ ಗಿರಾಕಿ ಟೇಪು ಹಿಡಿದು ಅಳತೆ ಮಾಡುತ್ತಿದ್ದ. ಕುಂತವಳು ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಅತ್ತುಬಿಟ್ಟೆ. ನಲವತ್ಮೂರು ವರ್ಷದ ಹೈಸ್ಕೂಲ್ ಟೀಚರ್, ವಿಜ್ಞಾನ ಕಲಿಸುವವಳು, ಸಣ್ಣ ಮಕ್ಕಳಂತೆ ಅತ್ತೆ. ಸಿದ್ದವ್ವನ ದುಡ್ಡಿನ ವಿಷಯ, ಕೈ ಕೊಟ್ಟ ವಿಷಯ ಎಲ್ಲ ಹೇಳಿ, ಇನ್ನು ಹತ್ತು ದಿನದ ಗಡುವು ಕೇಳಿದೆ.

ರುಕ್ಮವ್ವ ಟೇಪಿನವನಿಗೆ "ಯಪ್ಪಾ, ನೀ ಹೋಗಿ ಬಾ" ಎಂದಳು. ನನ್ನ ಕಡೆ ತಿರುಗಿ, "ಹತ್ತ ದಿನಾ ಅಂದ್ರ ಏನವಾ, ಹತ್ತ ದಿನದ ರೊಟ್ಟಿ ಇಲ್ಲೇ ಬಡೀಬೇಕು, ಅಷ್ಟ ಅಲ್ಲ? ಅಲ್ಲಿ ಹೋದ್ರೂ ಬಡಿಯೂದ ಐತಿ" ಎಂದಳು. ನಾನು ಕಾಲಿಗೆ ಬಿದ್ದೆ. ದೇವರು ಈ ಅಜ್ಜಿಯ ಹೊಟ್ಟೆ ತಣ್ಣಗಿಟ್ಟಿರಲಿ. ಬೀದಿಗೆ ಬಂದಾಗ ಬಿಸಿಲು ರಣಗುಟ್ಟುತ್ತಿತ್ತು, ನನಗೆ ಮೈ ತಂಪಾಗಿತ್ತು.

೬ ಜೂನ್, ಶುಕ್ರವಾರ

ಏನೆಂದು ಬರೆಯಲಿ! ಇಂದು ನೋಂದಣಿ. ಇವರ ಸಹಿಯೂ ಬೇಕು. ಅಪ್ಪ ಜೀಪು ಮಾಡಿಕೊಂಡು ಇವರನ್ನು ಕರೆತರುವುದು, ನೇರ ಕಚೇರಿಗೆ ಹೋಗುವುದು ಎಂದು ಮಾತಾಗಿತ್ತು. ನಾನು ಮನೆಯಲ್ಲಿ ಕಾಗದ ಜೋಡಿಸುತ್ತಿದ್ದೆ. ಮೆಟ್ಟಿಲಲ್ಲಿ ಟಕ್ ಎಂದಿತು. ತಡೆದು, ಮತ್ತೆ ಟಕ್. ಯಾರೋ ಸಿಲಿಂಡರ್ ತರುತ್ತಿದ್ದಾರೆ ಎಂದುಕೊಂಡೆ. ಅದು ಹತ್ತಿರ ಬಂತು. ಬಾಗಿಲು ತೆಗೆದರೆ ಎದುರಿಗೆ ಇವರು, ಕೈಯಲ್ಲಿ ಕೋಲು, ಮೈಯೆಲ್ಲ ಬೆವರು. ಎರಡು ಮೆಟ್ಟಿಲು ಕೆಳಗೆ ಎರಡೂ ಕೈ ಅಗಲಿಸಿಕೊಂಡು ಅಪ್ಪ.

"ನಲವತ್ತೆರಡು" ಎಂದರು ಇವರು. ಗುಡಿಯ ಮೆಟ್ಟಿಲ ಮೇಲೆ ಎರಡು ತಿಂಗಳಿನಿಂದ ಕದ್ದು ತಾಲೀಮು ನಡೆಸಿದ್ದರಂತೆ, ಮಾವ ಅಳಿಯ ಇಬ್ಬರೂ ಕೂಡಿ! ನನಗೆ ಹೇಳಬಾರದೆಂದು ಇಡೀ ಮನೆಗೆ ತಾಕೀತು. ನಾನು ಇವರ ಎದೆಗೆ ಹಣೆ ಒತ್ತಿ ನಿಂತುಬಿಟ್ಟೆ, ಅಪ್ಪ ಇದ್ದಾನೆಂಬುದೂ ನೆನಪಾಗಲಿಲ್ಲ.

ಇವರು ಒಳಗೆ ಬಂದು ಒಂದೊಂದೇ ಗೋಡೆ ಮುಟ್ಟಿದರು. ಆಮೇಲೆ ಮೆಲ್ಲಗೆ, "ಶೈಲಾ, ಹತ್ತಾಕ ಬಂತಲ್ಲ. ಇನ್ನ ಮಾರೂದ್ಯಾಕ? ಕಾಗದ ಇನ್ನಾ ಆಗಿಲ್ಲ" ಎಂದರು.

ನಾನು ಯೋಚಿಸಲೂ ಇಲ್ಲ. "ಆಗಂಗಿಲ್ರಿ. ದಲಾಲಿ ಮಗಳದೀನಿ. ಕೈ ಕೊಟ್ಟೀನಿ" ಎಂದೆ. ಅಪ್ಪ ಕೆಮ್ಮುತ್ತ ಬಾಲ್ಕನಿಗೆ ಹೋದ, ಬಹಳ ಹೊತ್ತು ಅಲ್ಲೇ ಕೆಮ್ಮಿದ. ಗಿರಣಿಯ ಹಿಟ್ಟು ಗಂಟಲಿಗೆ ಹೋಗಿರಬೇಕು.

ಕಚೇರಿಗೆ ಹೊತ್ತಾಯಿತು ಎಂದು ಎದ್ದೆವು. ಮೊದಲ ಮೆಟ್ಟಿಲಿಗೆ ಬಂದ ಇವರು ಕೆಳಗೆ ನೋಡಿ ಹಾಗೇ ನಿಂತರು. ಗೋಡೆ ಹಿಡಿದ ಕೈ ಬಿಡಲಿಲ್ಲ. ಮುಖ ಬಿಳಿಚಿಕೊಂಡಿತು. ಹತ್ತುವುದನ್ನಷ್ಟೇ ಕಲಿಸಿದ್ದಾನೆ ಅಪ್ಪ, ಗುಡಿಯಿಂದ ಕೆಳಗೆ ಹೊತ್ತುಕೊಂಡೇ ಇಳಿಸುತ್ತಿದ್ದರಂತೆ! "ಇಳಿಯೂದು ಮುಂದಿನ ತಿಂಗಳ ಪಾಠ ಇತ್ತವಾ" ಎಂದು ತಲೆ ಕೆರೆದುಕೊಂಡ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನು ಕಿಟಕಿಯಿಂದ ಕೂಗಿದೆ. ಇಬ್ರಾಹಿಂಸಾಬರು ಗಿರಣಿ ನಿಲ್ಲಿಸಿ ಮೈತುಂಬ ಹಿಟ್ಟಿನಲ್ಲೇ ಓಡಿ ಬಂದರು. ಸಾಕ್ಷಿ ಸಹಿಗೆಂದು ಬಂದು ಜೀಪಿನ ಬಳಿ ನಿಂತಿದ್ದ ಇಸಾಕ ಬಂದ. ಕಚೇರಿಯಲ್ಲಿ ಕಾದು ಕಾದು ಹುಡುಕಿಕೊಂಡು ಬಂದ ಸಿದ್ದವ್ವನೂ ಬಂದಳು, ಬಂದವಳೇ ಕೊಡೆ ಮೂಲೆಗೆಸೆದು ಹುಕುಂ ಶುರು ಮಾಡಿದಳು. "ತೊಡಿ ಯಾರೂ ಮುಟ್ಟಬ್ಯಾಡ್ರಿ. ಕುರ್ಚಿ ತರ್ರಿ. ಸರ್ವೇದವರ, ಎರಡೂ ಕೈ ಎದಿ ಮ್ಯಾಲ ಕಟ್ಟಕೋರಿ. ಯಜಮಾನ್ರ, ನೀವ ಮುಂದ ಹಿಡೀರಿ. ಹಾಂ, ಒಂದ, ಎರಡ!"

ಪ್ಲಾಸ್ಟಿಕ್ ಕುರ್ಚಿಯಲ್ಲಿ ಇವರು, ನಾಲ್ಕು ಕಾಲಿಗೆ ನಾಲ್ವರು. ಒಂದು ಕಾಲು ಮನೆ ಕೊಳ್ಳುವವಳದೇ ಕೈಯಲ್ಲಿ! ಮೊದಲ ತಿರುವಿನಲ್ಲಿ ಇವರು ನಗಲು ಶುರು ಮಾಡಿದರು. "ನಗಬ್ಯಾಡ್ರಿ, ತೂಕ ಹೆಚ್ಚಾಗ್ತೈತಿ" ಎಂದರು ಇಬ್ರಾಹಿಂಸಾಬರು. ಅದಕ್ಕೆ ಇನ್ನೂ ನಕ್ಕರು. ನವೆಂಬರಿನಿಂದ ಈ ಮನುಷ್ಯ ಹೊಟ್ಟೆಯಿಂದ ನಕ್ಕದ್ದನ್ನು ಕೇಳಿರಲಿಲ್ಲ. ಹಿಂದೆ ಕೋಲು, ಕೊಡೆ, ಕಾಗದದ ಚೀಲ ಹಿಡಿದು ಇಳಿಯುತ್ತ ನಾನು ಮನಸ್ಸಿನಲ್ಲೇ ಒಬ್ಬೊಬ್ಬರಿಗೂ ಕೈ ಮುಗಿದೆ.

ಕಚೇರಿಯಲ್ಲಿ ಗುಮಾಸ್ತ ನಮ್ಮನ್ನೆಲ್ಲ ಕೆಳಗಿಂದ ಮೇಲೆ ನೋಡಿದ, ಆರು ಜನಕ್ಕೂ ಹಿಟ್ಟು ಹತ್ತಿತ್ತು. "ನಡುವ ದಲಾಲಿ ಯಾರ್ರಿ?" ಎಂದ.

"ಯಾರೂ ಇಲ್ರಿ. ನಾನ ಮಾರೇನಿ" ಎಂದೆ, ತಲೆ ಎತ್ತಿ. ಹೌದಲ್ಲ, ದಲಾಲಿ ಇಲ್ಲದೆಯೇ ಮಾರಿದೆ. ಇಬ್ರಾಹಿಂಸಾಬರೂ ಇಸಾಕನೂ ಸಾಕ್ಷಿ ಸಹಿ ಹಾಕಿದರು. ಎಲ್ಲರಿಗೂ ಪೇಢೆ ಹಂಚಿದೆ.

೧೫ ಜೂನ್, ರವಿವಾರ

ರುಕ್ಮವ್ವನ ಮನೆಗೆ ಬಂದು ಐದು ದಿನವಾಯಿತು. ಸಾಮಾನು ಇನ್ನೂ ಅರ್ಧ ಗಂಟು ಬಿಚ್ಚಿಲ್ಲ.

ಇವತ್ತು ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಇವರಿಲ್ಲ. ಬಚ್ಚಲಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಕೋಲೂ ಇಲ್ಲ. ಎಲ್ಲೋ ಬಿದ್ದಿದ್ದಾರೆ ಎಂದು ಜೀವ ಬಾಯಿಗೆ ಬಂತು. ಕೂದಲು ಕೂಡ ಕಟ್ಟದೆ ಬೀದಿಗೆ ಓಡಿದೆ. ಓಣಿಯ ಕೊನೆಯ ಚಹಾದಂಗಡಿಯ ಮುಂದೆ ನಿಂತಿದ್ದಾರೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಾಲಿನ ಪಾಕೀಟು, ಯಾರೋ ಗುರುತಿಲ್ಲದವನ ಜೊತೆ ಮಳೆಯ ಬಗ್ಗೆ ಜೋರು ಚರ್ಚೆ.

"ಒಂದ ಮಾತ ಹೇಳಿ ಹೋಗಾಕ ಏನಾಗಿತ್ರಿ ನಿಮಗ? ಬಾಯಿ ಇರಲಿಲ್ಲ?" ಓಣಿಯೆಲ್ಲ ಕೇಳುವಂತೆ ಬೈದೆ. ಚಹಾದಂಗಡಿಯವನು ಸೌಟು ಹಿಡಿದು ನೋಡುತ್ತಿದ್ದ. ಇವರು ನನ್ನ ಜೊತೆ ನಡೆದುಕೊಂಡು ಮನೆಗೆ ಬಂದರು. ಬರುವಾಗ ಅರ್ಧ ದಾರಿಯಲ್ಲಿ ನನಗೆ ತಿಳಿಯಿತು. ಏಳು ತಿಂಗಳ ನಂತರ ಈ ಮನುಷ್ಯ ಯಾರನ್ನೂ ಕೂಗದೆ, ಯಾರ ಹೆಗಲೂ ಹಿಡಿಯದೆ, ಯಾರಿಗೂ ಹೇಳದೆ ಮನೆಯಿಂದ ಹೊರಗೆ ಹೋಗಿದ್ದರು.

ಹಾಲು ಕಾಯಲು ಇಟ್ಟೆ. ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಬಜಾರದಾಗ ಇನ್ನೊಂದ ಅಂಗಡಿ ಐತೆಂತ, ಹಾಲ ಚೊಲೊ ಇರ್ತೈತಂತ. ನಾಳಿಗೆ ಅಲ್ಲೀತನಕಾ ಹೋಗ್ತೇನಿ."

"ಹೋಗ್ರಿ."

"ಹೇಳಿ ಹೋಗ್ಲೇನು?"

"ಬ್ಯಾಡ್ರಿ" ಎಂದೆ.